ಗೊಡೊ 4.4: ನಿಲ್ದಾಣದಿಂದ ದೂರ ಹೋದಷ್ಟೂ ಹಡಗು ನಡುಗುತ್ತಿದೆ

ಕಕ್ಷೆಗಾರ:
ನಮಸ್ಕಾರ ಎಲ್ಲರಿಗೂ. ಗೇಮ್ ಕಟ್ಟುವ ಎಂಜಿನ್ (ತಂತ್ರಾಂಶ) ಗೊಡೊದಲ್ಲಿ ಒಬ್ಬನೇ ಕೂತು ಓಪನ್ ವರ್ಲ್ಡ್ ಸ್ಪೇಸ್ ಗೇಮ್ ಮಾಡುತ್ತಿದ್ದೇನೆ. ಒಂದು ಗ್ರಹದಿಂದ ಎದ್ದು ನಡುವೆ ಲೋಡಿಂಗ್ ಸ್ಕ್ರೀನ್ ಬರದೆ ಇನ್ನೊಂದು ಗ್ರಹದಲ್ಲಿ ಇಳಿಯಬೇಕು, ಅದೇ ಈ ಗೇಮ್‌ನ ಜೀವ. 1 ಯೂನಿಟ್ ಅಂದರೆ 1 ಮೀಟರ್ ಇಟ್ಟಿದ್ದೇನೆ. ನಿಲ್ದಾಣದ ಹತ್ತಿರ ಎಲ್ಲ ಚೆನ್ನಾಗಿದೆ. 1,000 ಕಿಮೀ ದಾಟುವ ಹೊತ್ತಿಗೆ ಕಾಕ್‌ಪಿಟ್‌ನ ಮೀಟರು, ಸೀಟು, ಪೈಲಟ್ ಕೈ ಎಲ್ಲ ಗಡಗಡ ನಡುಗುತ್ತವೆ. ಫಿಸಿಕ್ಸ್ ಟಿಕ್ (ಸೆಕೆಂಡಿಗೆ ಎಷ್ಟು ಸಲ ಚಲನೆಯ ಲೆಕ್ಕ ಹಾಕಬೇಕು ಅನ್ನುವುದು) ಜಾಸ್ತಿ ಮಾಡಿದರೂ ಹಾಗೇ ಇದೆ. ಹಡಗು ನಿಂತಿರುವಾಗ ಸುಮ್ನೆ ಕ್ಯಾಮೆರಾ ತಿರುಗಿಸಿದರೂ ನಡುಕ.

ತ್ರಸ್ಟರ್:
ನಿಂತಿರುವಾಗಲೂ ನಡುಗುತ್ತದೆ ಅಂದಿರಲ್ಲ, ಹಾಗಾದರೆ ಫಿಸಿಕ್ಸ್ ಬಿಟ್ಟುಬಿಡಿ. ಇದು 32 ಬಿಟ್ ಫ್ಲೋಟ್‌ನ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ರೀತಿ) ಮಿತಿ. ಅದರಲ್ಲಿ 24 ಬಿಟ್ ನಿಖರತೆ ಅಷ್ಟೇ ಇರುವುದು, ಸಂಖ್ಯೆ ದೊಡ್ಡದಾದಷ್ಟೂ ಒಂದು ಬೆಲೆಗೂ ಮುಂದಿನ ಬೆಲೆಗೂ ನಡುವಿನ ಅಂತರ ಹೆಚ್ಚುತ್ತದೆ. 1,000 ಕಿಮೀ ದೂರದಲ್ಲಿ ಆ ಅಂತರ 6 ಸೆಂಟಿಮೀಟರ್‌ಗೂ ಜಾಸ್ತಿ, 10,000 ಕಿಮೀಗೆ ಪೂರ್ತಿ 1 ಮೀಟರ್. ಭೂಮಿಯಿಂದ ಸೂರ್ಯನಷ್ಟು ದೂರ ಹೋದರೆ 16 ಕಿಮೀ! ನಿಮ್ಮ ಮೀಟರಿನ ಮುಳ್ಳಿಗೆ ನಿಲ್ಲೋಕೆ ಜಾಗವೇ ಇಲ್ಲ, ಅಲ್ವಾ?

ಇದು ಹಳೇ ಕಾಯಿಲೆ. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಅನ್ನುವ ಗೇಮ್‌ನಲ್ಲಿ ಇದೇ ಕಾರಣಕ್ಕೆ ಹಡಗುಗಳು ಚೂರಾಗುತ್ತಿದ್ದವು, ಆಟಗಾರರು ಅದಕ್ಕೆ ‘ಕ್ರಾಕನ್’ ಅಂತಲೇ ಹೆಸರಿಟ್ಟಿದ್ದರು. ಮದ್ದು ಫ್ಲೋಟಿಂಗ್ ಆರಿಜಿನ್: ಹಡಗು ಸೊನ್ನೆಯಿಂದ (ಆರಿಜಿನ್, ಅಂದರೆ ಅಳತೆ ಶುರುವಾಗುವ ಬಿಂದು) ಒಂದೆರಡು ಕಿಮೀ ಸರಿದ ಕೂಡಲೇ ಹಡಗನ್ನು ಮತ್ತೆ ಸೊನ್ನೆಗೆ ತಂದು, ಉಳಿದ ಪ್ರಪಂಚವನ್ನೆಲ್ಲ ಅಷ್ಟೇ ದೂರ ಹಿಂದಕ್ಕೆ ತಳ್ಳಿ.

ಕಕ್ಷೆಗಾರ:
ಆದರೆ ಗೊಡೊದ ಕೋಡ್ ಭಾಷೆ ಜಿಡಿಸ್ಕ್ರಿಪ್ಟ್‌ನ ಫ್ಲೋಟ್ 64 ಬಿಟ್ ಅಲ್ವಾ? ಎಂಜಿನ್ನನ್ನೇ ಡಬಲ್ ಪ್ರಿಸಿಷನ್‌ನಲ್ಲಿ (ಜಾಗದ ಸಂಖ್ಯೆಗಳಿಗೂ 64 ಬಿಟ್) ಬಿಲ್ಡ್ ಮಾಡಿದರೆ ಆಗಲ್ವಾ?

ತ್ರಸ್ಟರ್:
ಒಂಟಿ ಫ್ಲೋಟ್ 64 ಬಿಟ್, ನಿಜ. ಅದನ್ನು ವೆಕ್ಟರ್3 (ಜಾಗ ಹೇಳುವ ಮೂರು ಸಂಖ್ಯೆಗಳ ಕಟ್ಟು) ಒಳಗೆ ಹಾಕಿದ ಕ್ಷಣ ಮಾಮೂಲಿ ಬಿಲ್ಡ್‌ನಲ್ಲಿ 32 ಬಿಟ್‌ಗೆ ಇಳಿಯುತ್ತದೆ. ಅದಕ್ಕೇ ಗ್ರಹ, ನಿಲ್ದಾಣ, ಹಡಗುಗಳ ನಿಜವಾದ ಜಾಗವನ್ನು ನಿಮ್ಮದೇ ಕ್ಲಾಸಿನಲ್ಲಿ ಮೂರು ಬಿಡಿ ಫ್ಲೋಟ್ ಆಗಿ ಇಡಿ. ಮೊದಲು ಅದರಿಂದ ಆರಿಜಿನ್‌ನ ಈಗಿನ ಜಾಗ ಕಳೆಯಿರಿ, ಆಮೇಲೆ ವೆಕ್ಟರ್ ಮಾಡಿ. ಈ ಕ್ರಮ ತಿರುಗುಮುರುಗಾದರೆ ಮಾಡಿದ್ದೆಲ್ಲ ವ್ಯರ್ಥ.

ಡಬಲ್ ಬಿಲ್ಡ್ ಕೆಲಸ ಮಾಡುತ್ತದೆ, ಸೂರ್ಯನಷ್ಟು ದೂರದಲ್ಲೂ ಮಿಲಿಮೀಟರಿಗಿಂತ ಕಡಿಮೆ ಅಂತರ. ಆದರೆ ಎಡಿಟರ್, ಎಕ್ಸ್‌ಪೋರ್ಟ್ ಟೆಂಪ್ಲೇಟ್ (ಆಟಗಾರರಿಗೆ ಕೊಡುವ ಗೇಮ್‌ನೊಳಗಿನ ಎಂಜಿನ್), ಬಳಸುವ ಜಿಡಿಎಕ್ಸ್‌ಟೆನ್ಷನ್‌ಗಳು (ಹೊರಗಿನ ಸೇರ್ಪಡೆ ಲೈಬ್ರರಿಗಳು) ಎಲ್ಲವನ್ನೂ ನೀವೇ ಕಂಪೈಲ್ ಮಾಡಬೇಕು, ಆವೃತ್ತಿ ಬದಲಾದಾಗೆಲ್ಲ ಮತ್ತೆ. ಒಬ್ಬರೇ ಮಾಡುವ ಗೇಮ್‌ಗೆ ಆ ಹೊರೆ ಬೇಡ ಅನ್ನುತ್ತೇನೆ.

ಕಕ್ಷೆಗಾರ:
ಮಾಡಿದೆ, ನಡುಕ ನಿಂತಿತು! ತುಂಬಾ ಖುಷಿಯಾಯಿತು. ಈಗ ಆರಿಜಿನ್ ಸರಿದಾಗೆಲ್ಲ ಎಂಜಿನ್ ಹೊಗೆಯ ಬಾಲ ದೂರದಲ್ಲೆಲ್ಲೋ ಉಳಿದುಬಿಡುತ್ತದೆ, ಹಡಗೂ ಒಂದು ಫ್ರೇಮ್ ಎಗರಿದಂತೆ ಕಾಣುತ್ತದೆ.

ಗಗನಪಥ:
ಹೊಗೆಯ ಕಣಗಳು ಜಾಗತಿಕ ಕೋಆರ್ಡಿನೇಟ್‌ನಲ್ಲಿ ಇರುವುದರಿಂದ ಅವಕ್ಕೆ ನೀವು ಸರಿದದ್ದೇ ಗೊತ್ತಾಗುವುದಿಲ್ಲ. ಎಂಜಿನ್ ಜ್ವಾಲೆಗೆ ‘ಲೋಕಲ್ ಕೋಆರ್ಡ್ಸ್’ ಆನ್ ಮಾಡಿ, ಆಗ ಕಣಗಳು ಹಡಗಿನ ಜೊತೆಗೇ ಸರಿಯುತ್ತವೆ. ಉದ್ದ ಬಾಲ ಬೇಕಾದರೆ ಅದನ್ನು ಕಣಗಳಿಂದ ಮಾಡದೆ, ಬಿಂದುಗಳನ್ನು ನೀವೇ ಇಟ್ಟುಕೊಂಡು ಮೆಶ್ (ತ್ರಿಕೋನಗಳ ಜಾಲ) ಕಟ್ಟಿ, ಉಳಿದದ್ದರ ಜೊತೆ ಅದನ್ನೂ ಸರಿಸಿ. ಹಡಗು ಎಗರುವುದು ಫಿಸಿಕ್ಸ್ ಇಂಟರ್‌ಪೊಲೇಷನ್ ಆನ್ ಇರುವುದಕ್ಕೆ ಇರಬೇಕು. ಚಲನೆ ನಯವಾಗಿ ಕಾಣಲಿ ಅಂತ ಹಳೇ ಜಾಗಕ್ಕೂ ಹೊಸ ಜಾಗಕ್ಕೂ ನಡುವೆ ಅದು ಗೆರೆ ಎಳೆಯುತ್ತದೆ, ಹಾಗಾಗಿ ಸರಿಸಿದ ತಕ್ಷಣ ಸರಿದ ನೋಡ್‌ಗಳಲ್ಲಿ (ದೃಶ್ಯದ ವಸ್ತುಗಳಲ್ಲಿ) ಅದನ್ನು ರೀಸೆಟ್ ಮಾಡಿ.

ಇನ್ನೊಂದು ವಿಷಯ. ದೂರದ ಗ್ರಹಗಳನ್ನು ನಿಜವಾದ ದೂರದಲ್ಲಿ ಬಿಡಿಸಬೇಡಿ. ದೂರವನ್ನೂ ವ್ಯಾಸವನ್ನೂ 10,000ದಿಂದ ಭಾಗಿಸಿ, ಬೇರೆ ವ್ಯೂಪೋರ್ಟ್‌ನಲ್ಲಿ (ಪ್ರತ್ಯೇಕವಾಗಿ ಚಿತ್ರ ಬಿಡಿಸುವ ಪರದೆ) ಹಿನ್ನೆಲೆಯಾಗಿ ಬಿಡಿಸಿ. ಕಣ್ಣಿಗೆ ಅದೇ ಗಾತ್ರ ಕಾಣುತ್ತದೆ, ಯಾವುದು ಮುಂದೆ ಯಾವುದು ಹಿಂದೆ ಅಂತ ಲೆಕ್ಕ ಇಡುವ ಡೆಪ್ತ್ ಬಫರಿಗೂ ಹಿಂಸೆ ಇಲ್ಲ.

ಕಕ್ಷೆಗಾರ:
ರೀಸೆಟ್ ಮಾಡಿದ ಮೇಲೆ ಎಗರುವುದು ಹೋಯಿತು, ಜ್ವಾಲೆಯೂ ಸರಿಯಾಯಿತು. ಬಾಲದ ಮೆಶ್ ಈ ವಾರ ಬರೆಯುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.