ಸೋಲೋದಲ್ಲಿ ವಿಮಾನ ಮೂರು ಸಲ ಪುಟಿಯಿತು, ಏನು ಮಾಡಬೇಕಿತ್ತು?

ಹೊಸ ರೆಕ್ಕೆ:
ಸೆಸ್ನಾ 172ರಲ್ಲಿ ನನಗೆ 24 ಗಂಟೆ ಹಾರಾಟ ಆಗಿದೆ. ಮೊನ್ನೆ ಮೂರನೇ ಸೋಲೋ, ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬನೇ ಹಾರಿಸಿದ್ದು. ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತದಲ್ಲಿ, ವೇಗ 65 ನಾಟ್ ಇರಬೇಕಿತ್ತು, ನನ್ನದು 75 ಇತ್ತು. ವಿಮಾನ ನೆಲ ಮುಟ್ಟಲೇ ಇಲ್ಲ, ತೇಲುತ್ತಾ ಹೋಯಿತು. ಎಲ್ಲಿ ರನ್‌ವೇ ಮುಗಿದುಹೋಗುತ್ತದೋ ಅನ್ನೋ ಭಯಕ್ಕೆ ಯೋಕ್ (ಮೂಗನ್ನು ಏರಿಸಿ ಇಳಿಸುವ ಹಿಡಿಕೆ) ಮುಂದೆ ಒತ್ತಿಬಿಟ್ಟೆ. ಮೂಗಿನ ಚಕ್ರ ಮೊದಲು ಬಡಿಯಿತು, ವಿಮಾನ ಚಿಮ್ಮಿತು, ಮತ್ತೆ ಒತ್ತಿದೆ, ಇನ್ನೂ ಜೋರಾಗಿ ಚಿಮ್ಮಿತು. ಮೂರನೇ ಸಲ ಪ್ರೊಪೆಲ್ಲರ್ ನೆಲಕ್ಕೆ ತಾಗಿ ತುದಿಗಳು ಬಾಗಿದವು. ನನಗೆ ಏನೂ ಆಗಿಲ್ಲ. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಅದೇ ಸದ್ದು. ಅಮ್ಮನಿಗೆ ಇನ್ನೂ ಹೇಳಿಲ್ಲ. ಪುಟಿದ ಆ ಗಳಿಗೆಯಲ್ಲಿ ನಾನು ಏನು ಮಾಡಬೇಕಿತ್ತು?

ಹಳೇ ಇನ್‌ಸ್ಟ್ರಕ್ಟರ್:
ತಮ್ಮಾ, ಮೊದಲು ಅಮ್ಮನಿಗೆ ಫೋನ್ ಮಾಡು.

ಜೋರಾಗಿ ಪುಟಿದರೆ ಒಂದೇ ದಾರಿ. ಪೂರ್ತಿ ಪವರ್ ಕೊಡು, ಮೂಗನ್ನು ಹದವಾಗಿ ಹಿಡಿ, ಫ್ಲಾಪ್ (ರೆಕ್ಕೆಯ ಹಿಂಬದಿಯ ಮಡಿಕೆ ಹಲಗೆ) 20 ಡಿಗ್ರಿಗೆ ತಾ, ಗೋ ಅರೌಂಡ್ ಮಾಡು, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರು. ವಿಮಾನದ ಹಿಂದೆ ಓಡಿ ಅದನ್ನು ನೆಲಕ್ಕೆ ಒತ್ತಲು ಹೋಗಬೇಡ, ಯಾಕಂದರೆ ನಿನ್ನ ಕೈ ಯಾವಾಗಲೂ ಅದಕ್ಕಿಂತ ಒಂದು ಕ್ಷಣ ತಡವಾಗಿರುತ್ತದೆ, ಅದಕ್ಕೇ ಪ್ರತಿ ಪುಟಿತವೂ ಹಿಂದಿನದಕ್ಕಿಂತ ಕೆಟ್ಟದಾಗುತ್ತದೆ. ಹಿಂದಿನ ಎರಡು ಚಕ್ರದ ಕಾಲುಗಳು ಬಾಗಿ ಪೆಟ್ಟು ನುಂಗುತ್ತವೆ. ಮೂಗಿನ ಚಕ್ರ ಅಷ್ಟು ತಡೆಯುವುದಿಲ್ಲ, ಅದರ ಪೆಟ್ಟು ಫೈರ್‌ವಾಲ್‌ಗೆ, ಅಂದರೆ ಎಂಜಿನ್ ಹಿಂದಿನ ಲೋಹದ ಗೋಡೆಗೆ, ಹೋಗುತ್ತದೆ.

ನಿಜವಾದ ತಪ್ಪು ಆಗಿದ್ದು ನೀನು ಇನ್ನೂ ಮೇಲಿರುವಾಗಲೇ. 65ರ ಬದಲು 75 ಅಂದರೆ ಕಳೆಯಬೇಕಾದ ಶಕ್ತಿ ಮೂರನೇ ಒಂದು ಪಾಲು ಜಾಸ್ತಿ. ನೆಲದ ಹತ್ತಿರ ರೆಕ್ಕೆಯನ್ನು ಹಿಂದಕ್ಕೆಳೆಯುವ ಗಾಳಿಯ ತಡೆ ಕಡಿಮೆ, ಹಾಗಾಗಿ ಅದು ತೇಲಿಯೇ ತೇಲುತ್ತದೆ. ಇನ್ನೊಂದು ಮಾತು, ಪ್ರೊಪೆಲ್ಲರ್ ತಾಗಿದ ಮೇಲೆ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಎಂಜಿನ್ ಬಿಚ್ಚಿ ನೋಡಲೇಬೇಕು. ಆಗಿದ್ದನ್ನು ಒಂದಕ್ಷರ ಮುಚ್ಚಿಡದೆ ಬರೆದುಕೊಡು. ನಾಳೆ ಅದೇ ವಿಮಾನದಲ್ಲಿ ಇನ್ನೊಬ್ಬ ಹುಡುಗ ಕೂರುತ್ತಾನೆ.

ಯಲಹಂಕ ಅಕ್ಕ:
ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್ ಬೇಲಿ ಪಕ್ಕ ನಿಂತು ವಿಮಾನ ನೋಡುತ್ತಾ ಬೆಳೆದವಳು ನಾನು, ಆಮೇಲೆ ಬೇರೆ ಊರಲ್ಲಿ ಕಲಿತೆ. ನನಗೂ ಹೀಗೇ ಆಗಿತ್ತು, ಟೈರ್ ಒಡೆದಿತ್ತು. ನನ್ನ ತೊಂದರೆ ಕಣ್ಣಿನದು. ಮೂಗಿನ ಮುಂದಿನ ಡಾಂಬರನ್ನೇ ದಿಟ್ಟಿಸುತ್ತಿದ್ದೆ. ಹಾಗೆ ನೋಡಿದರೆ ನೆಲ ಒಮ್ಮೆಲೇ ಮೇಲೆ ಬಂದಂತೆ ಕಾಣುತ್ತದೆ, ಗಾಬರಿಯಲ್ಲಿ ಕೈ ಜಾಸ್ತಿ ಎಳೆಯುತ್ತದೆ. ರೌಂಡ್ ಔಟ್ (ನೆಲದ ಹತ್ತಿರ ಮೂಗನ್ನು ಮೆಲ್ಲಗೆ ಎತ್ತಿ ಇಳಿತವನ್ನು ಸಮ ಮಾಡುವುದು) ಶುರುವಾದ ಕೂಡಲೇ ನೋಟ ರನ್‌ವೇಯ ಆ ತುದಿಗೆ ಹೋಗಬೇಕು. ರನ್‌ವೇ ಅಗಲ ಕೂಡ ಮೋಸ ಮಾಡುತ್ತದೆ, ಕಿರಿದಾಗಿದ್ದರೆ ನಾವು ತುಂಬಾ ಮೇಲಿದ್ದೇವೆ ಅನಿಸಿ ಕೆಳಗೆ ಇಳಿದುಬಿಡುತ್ತೇವೆ.

ನನ್ನ ಭಯ ಬಿಡಿಸಿದ್ದು ಒಂದು ಅಭ್ಯಾಸ. ಉದ್ದದ ರನ್‌ವೇಯಲ್ಲಿ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತಿದ್ದರು. ಚಕ್ರ ತಾಗಿಸದೆ, ನೆಲದಿಂದ ಐದಾರು ಅಡಿ ಮೇಲೆ, ಸ್ವಲ್ಪ ಪವರ್ ಇಟ್ಟು ಉದ್ದಕ್ಕೂ ಹಾರಿಸಿ ಮೇಲೆ ಏರಿಸಿದರು. ನಾಲ್ಕು ಸಲ. ಇಳಿಯಬೇಕು ಅನ್ನೋ ಅವಸರ ಇಲ್ಲದಾಗ ಆ ಎತ್ತರ ಕಣ್ಣಿಗೆ ತಾನಾಗಿ ಕೂತಿತು. ನಿಮ್ಮವರನ್ನು ಕೇಳಿ ನೋಡಪ್ಪಾ.

ಹೊಸ ರೆಕ್ಕೆ:
ಅಮ್ಮನಿಗೆ ಹೇಳಿದೆ ಸರ್. ಅತ್ತರು, ಆಮೇಲೆ ಊಟ ಮಾಡಿದ್ಯಾ ಅಂದರು. ಅಕ್ಕ, ನೀವು ಹೇಳಿದ್ದನ್ನು ಕೇಳಿದೆ, ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಆರೂವರೆಗೆ, ಗಾಳಿ ಏಳುವ ಮೊದಲು.