ಮನೆ ಗಿಟಾರಿಗೆ ಕೊಬ್ಬರಿ ಎಣ್ಣೆ: ಬಳಗದ ಗ್ರೂಪಿನ ಚರ್ಚೆ

ಮಂಡ್ಯ ಚಿಕ್ಕಪ್ಪ: [ಫಾರ್ವರ್ಡ್] ಗಿಟಾರ್ ತಂತಿ ತುಕ್ಕು ಹಿಡಿಯದಿರಲು ನುಡಿಸಿದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಎಲ್ಲರಿಗೂ ತಿಳಿಸಿ.

ಮಂಡ್ಯ ಚಿಕ್ಕಪ್ಪ: ಪುಟ್ಟಿ, ಗಿಟಾರ್ ಈಗ ನಿನ್ ತಾವ ಐತಲ್ಲ. ಮುಂದಿನ ತಿಂಗಳು ನಮ್ಮನೆಗೆ ಬರೋದ್ರೊಳಗೆ ಹಿಂಗೆ ಮಾಡ್ಬುಡವ್ವ.

ಸರಸ್ವತಿಪುರಂ ಅಣ್ಣ: ಚಿಕ್ಕಪ್ಪ, ಅದೊಂದು ಬೇಡ. ಪುಟ್ಟಿ, ಎಣ್ಣೆ ಸೋಕಿಸಬೇಡ.

ಮಂಡ್ಯ ಚಿಕ್ಕಪ್ಪ: ಅದ್ಯಾಕಪ್ಪ? ಕುಡುಗೋಲಿಗೆ ಎಣ್ಣೆ ಸವರಿ ಇಟ್ರೆ ತುಕ್ಕು ಬರಕಿಲ್ಲ. ಇದೂ ಉಕ್ಕೇ ತಾನೆ?

ಸರಸ್ವತಿಪುರಂ ಅಣ್ಣ: ಕುಡುಗೋಲಿಗೆ ಸರಿ, ಅದು ನಾದ ಕೊಡಬೇಕಾಗಿಲ್ಲ. ನಮ್ಮ ಗಿಟಾರಿನಲ್ಲಿ ಕೆಳಗಿನ ಎರಡು ತೆಳು ತಂತಿ ಮಾತ್ರ ಬೋಳು ಉಕ್ಕು. ಉಳಿದ ನಾಲ್ಕರಲ್ಲಿ ಒಳಗೆ ಉಕ್ಕಿನ ಎಳೆ, ಅದರ ಮೇಲೆ ಫಾಸ್ಫರ್ ಬ್ರಾಂಜ್, ಅಂದ್ರೆ ತಾಮ್ರದ ಮಿಶ್ರಲೋಹದ ಸುತ್ತು. ಸುತ್ತಿನಿಂದ ಸುತ್ತಿಗೆ ಸಣ್ಣ ಸಂದು. ಎಣ್ಣೆ ಆ ಸಂದಿಗೆ ಇಳಿದರೆ ಧೂಳು, ಬೆರಳಿನ ಸತ್ತ ಚರ್ಮ ಎಲ್ಲ ಸೇರಿ ಕಪ್ಪು ಜಿಡ್ಡಾಗುತ್ತೆ. ತಂತಿ ಭಾರವಾಗುತ್ತೆ, ಅದಕ್ಕಿಂತ ಹೆಚ್ಚಾಗಿ ಕಂಪನವನ್ನ ಆ ಜಿಡ್ಡೇ ನುಂಗುತ್ತೆ. ಮೊದಲು ಹೋಗೋದು ನಾದಕ್ಕೆ ಹೊಳಪು ಕೊಡೋ ಮೇಲಿನ ಸ್ವರಾಂಶಗಳು. ಟಣ್ ಅನ್ನಬೇಕಾದದ್ದು ಟಪ್ ಅನ್ನುತ್ತೆ.

ಪುಟ್ಟಿ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಗಟ್ಟಿಯಾಗತ್ತೆ ಚಿಕ್ಕಪ್ಪ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿರತ್ತಲ್ಲ, ಸಂದಿಯಲ್ಲೂ ಹಾಗೇ ಆಗತ್ತೆ.

ವೀಣೆ ದೊಡ್ಡಮ್ಮ: ಹಾಗಂತ ಎಣ್ಣೆಯೇ ತಪ್ಪು ಅನ್ನಬೇಡಿ. ವೀಣೆ ನುಡಿಸೋರು ಪಕ್ಕದಲ್ಲಿ ಎಣ್ಣೆ ಬಟ್ಟಲು ಇಟ್ಟುಕೊಳ್ಳೋದು ಇವತ್ತು ನಿನ್ನೆ ಶುರುವಾದ ಪದ್ಧತಿಯಲ್ಲ. ಎಡಗೈ ಬೆರಳಿಗೆ ಎಣ್ಣೆ ಇಲ್ಲದಿದ್ದರೆ ಗಮಕಕ್ಕೆ ತಂತಿ ಎಳೆಯೋಕೇ ಆಗಲ್ಲ, ಬೆರಳು ಕುಯ್ಯುತ್ತೆ.

ಸರಸ್ವತಿಪುರಂ ಅಣ್ಣ: ದೊಡ್ಡಮ್ಮ, ವೀಣೆಗೆ ನೀವು ಹೇಳಿದ್ದೇ ಸರಿ. ಆದ್ರೆ ವೀಣೆಯ ಮೊದಲೆರಡು ತಂತಿ ಸಾರಣಿ, ಪಂಚಮ ಎರಡೂ ಬೋಳು. ಒರೆಸಿದರೆ ಎಣ್ಣೆ ಬಂದುಬಿಡುತ್ತೆ, ನಿಲ್ಲೋಕೆ ಸಂದಿಲ್ಲ. ಮೇಲಾಗಿ ಅಲ್ಲಿ ಎಣ್ಣೆ ಬೆರಳು ಜಾರಲಿ ಅಂತ, ತಂತಿ ಉಳಿಯಲಿ ಅಂತಲ್ಲ.

ವೀಣೆ ದೊಡ್ಡಮ್ಮ: ಅದು ಒಪ್ಪಿದೆ. ಹಾಗಾದ್ರೆ ಗಿಟಾರಿನ ಆ ಎರಡು ಬೋಳು ತಂತಿಗೆ ಮಾತ್ರ ಸವರಿದರೆ?

ಸರಸ್ವತಿಪುರಂ ಅಣ್ಣ: ಒಂದು ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸೋ ಸ್ವರಗುಚ್ಛ) ಹಿಡಿಯೋಷ್ಟರಲ್ಲಿ ಬೆರಳು ಅದನ್ನ ಪಕ್ಕದ ತಂತಿಗೆ ದಾಟಿಸಿರುತ್ತೆ.

ಮಂಡ್ಯ ಚಿಕ್ಕಪ್ಪ: ಎಣ್ಣೆ ಬಿಡಿ. ದಪ್ಪ ತಂತಿ ಮ್ಯಾಲೆ ಹಸಿರು ಕಿಲುಬು ಕಟ್ಟೈತೆ, ಹೋದ್ಸಲ ಬಂದಾಗ್ಲೇ ಕಂಡಿದ್ದೆ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕ್ದಂಗೆ ತಿಕ್ಕಿದ್ರೆ ಫಳಫಳ ಅಂತದೆ.

ಪುಟ್ಟಿ: ಅಯ್ಯೋ ಬೇಡ! ಚೊಂಬನ್ನ ಆಮೇಲೆ ನೀರಲ್ಲಿ ತೊಳೆದು ಬಿಸಿಲಿಗೆ ಇಡ್ತೀವಿ. ತಂತೀನ ಗಿಟಾರಿನ ಮೇಲಿದ್ದ ಹಾಗೆ ತೊಳೆಯೋದು ಹೇಗೆ? ಹುಳಿ, ನೀರು ಎರಡೂ ಸುತ್ತಿನೊಳಗೆ ಉಳಿದು ಒಳಗಿನ ಉಕ್ಕಿಗೆ ತುಕ್ಕು ಹಿಡಿಯತ್ತೆ. ಹೊರಗೆ ಹೊಳಪು, ಒಳಗೆ ಟೊಳ್ಳು. ಒಂದು ದಿನ ಶ್ರುತಿ ಮಾಡುವಾಗ ಪಟ್ ಅಂತ ಹೋಗತ್ತೆ.

ಮಂಡ್ಯ ಚಿಕ್ಕಪ್ಪ: ಮತ್ತೆ ಏನ್ ಮಾಡ್ಬೇಕು ಅಂತ ಹೇಳ್ಬುಡ್ರಪ್ಪ. ಬ್ಯಾಡ ಬ್ಯಾಡ ಅಂತ್ಲೇ ಇದ್ದೀರಿ.

ಸರಸ್ವತಿಪುರಂ ಅಣ್ಣ: ಒಣ ಬಟ್ಟೆ. ನುಡಿಸೋ ಮೊದಲು ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ನುಡಿಸಿದ ತಕ್ಷಣ, ಬೆವರು ಆರೋ ಮೊದಲೇ, ಒಂದೊಂದು ತಂತಿಯನ್ನೂ ಬಟ್ಟೆಯ ನಡುವೆ ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಹಿಡಿದು ಗಿಟಾರಿನ ಮೈಮೇಲೆ ತಂತಿ ಕೂರೋ ಬ್ರಿಡ್ಜ್‌ನಿಂದ ಬಿರಡೆ ಕಡೆಯ ನಟ್‌ವರೆಗೆ ಎಳೆಯಿರಿ, ಎರಡು ಸಲ. ಆಮೇಲೆ ಬಟ್ಟೆಯನ್ನ ಆರೂ ತಂತಿಯ ಅಡಿಗೆ ತೂರಿಸಿ ಅತ್ತಿಂದಿತ್ತ ಎಳೆಯಿರಿ. ತಪ್ಪೋದು ಇಲ್ಲೇ. ಎಲ್ಲರೂ ಮೇಲ್ಮುಖ ಮಾತ್ರ ಒರೆಸ್ತಾರೆ, ಬೆವರಿನ ಉಪ್ಪು ಅಡಿಯಲ್ಲೂ ಇರುತ್ತೆ. ಒರೆಸಿದ ಬಟ್ಟೆ ಮೇಲೆ ಆರು ಕಪ್ಪು ಗೆರೆ ಬಿದ್ದಿರುತ್ತೆ ನೋಡಿ, ಅಷ್ಟೂ ತಂತಿಯ ಮೇಲೆ ಇರ್ತಿತ್ತು. ಇಷ್ಟಕ್ಕೆ ಎರಡು ನಿಮಿಷ.

ಪುಟ್ಟಿ: ಜಿಡ್ಡು ಜಾಸ್ತಿ ಇದ್ರೆ ಮೆಡಿಕಲ್ ಸ್ಟೋರಿನ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕೈದು ಹನಿ. ತಂತಿಗೆ ಸುರಿಯೋದಲ್ಲ, ಬಟ್ಟೆಗೆ. ತಂತಿ ಅಡಿಗೆ ಒಂದು ರಟ್ಟಿನ ಪಟ್ಟಿ ಇಡ್ಬೇಕು, ಇಲ್ದಿದ್ರೆ ಬೆರಳೊತ್ತೋ ಪಟ್ಟಿ, ಅಂದ್ರೆ ಫ್ರೆಟ್‌ಬೋರ್ಡಿನ ಬೀಟೆ ಮರ ಒಣಗಿ ಬಿಳಿಚತ್ತೆ, ಮೈಮೇಲಿನ ಪಾಲಿಶ್‌ಗೆ ಬಿದ್ರೆ ಮಬ್ಬಾಗ್ಬಹುದು. ಸ್ಯಾನಿಟೈಜರ್ ಅಂತೂ ಬೇಡ. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರತ್ತೆ, ಅಂಟು ಉಳಿಯತ್ತೆ.

ವೀಣೆ ದೊಡ್ಡಮ್ಮ: ಬೀಟೆ ಮರಕ್ಕಾದ್ರೂ ಎಣ್ಣೆ ಬೇಕಲ್ಲ?

ಸರಸ್ವತಿಪುರಂ ಅಣ್ಣ: ಬೇಕು ದೊಡ್ಡಮ್ಮ, ಮರಕ್ಕೆ ಬೇಕು. ಫ್ರೆಟ್‌ಬೋರ್ಡಿಗೆ ಅಂತಲೇ ಬರೋ ಎಣ್ಣೆ ಮೂರ್ನಾಲ್ಕು ಹನಿ, ವರ್ಷಕ್ಕೆ ಒಂದೆರಡು ಸಲ, ತಂತಿ ಬಿಚ್ಚಿದಾಗ ಮಾತ್ರ. ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿಬಿಡೋದು. ಆ ಎಣ್ಣೆಗೆ ಲೆಮನ್ ಆಯಿಲ್ ಅನ್ನೋ ಹೆಸರೂ ಇರುತ್ತೆ, ಅಂದರೆ ನಿಂಬೆರಸ ಅಲ್ಲ, ಇದನ್ನ ಎಲ್ಲರೂ ನೆನಪಿಡಿ.

ಮಂಡ್ಯ ಚಿಕ್ಕಪ್ಪ: ತಂತಿ ಆರೂ ಒಟ್ಟಿಗೆ ಬಿಚ್ಚಿದ್ರೆ ಕತ್ತು ಬಾಗ್ತದೆ ಅಂತಾರಲ್ಲ.

ಸರಸ್ವತಿಪುರಂ ಅಣ್ಣ: ಆರೂ ಸೇರಿ ಸುಮಾರು 70 ಕೆಜಿ ಎಳೆತ ಇರುತ್ತೆ, ಭಯ ಅದರಿಂದ ಹುಟ್ಟಿದ್ದು. ಬ್ರಿಡ್ಜ್ ಅಂಟಿಸಿರೋ ನಮ್ಮಂಥ ಗಿಟಾರಿಗೆ ಅರ್ಧ ಗಂಟೆ ಬಿಚ್ಚಿಟ್ಟರೆ ಏನೂ ಆಗಲ್ಲ. ತಿಂಗಳುಗಟ್ಟಲೆ ಬಿಡಬಾರದು ಅಷ್ಟೆ.

ಪುಟ್ಟಿ: ಅಣ್ಣ, ಕಿಲುಬು ಬಂದಿರೋ ತಂತಿ ಕುದಿಸಿದ್ರೆ ಸರಿಹೋಗತ್ತಾ?

ಸರಸ್ವತಿಪುರಂ ಅಣ್ಣ: ಬಾಸ್ ಗಿಟಾರಿನವರು ಮಾಡ್ತಾರೆ, ಕೆಲ ದಿನ ನಾದ ಏಳುತ್ತೆ. ಆದ್ರೆ ಬಿರಡೆಗೆ ಸುತ್ತಿದ ಮಡಿಕೆಯಲ್ಲೇ ತಂತಿ ಮತ್ತೆ ಬಾಗಿ ಮುರಿಯುತ್ತೆ. ತೆಳು ತಂತಿಗಂತೂ ಪ್ರಯೋಜನವೇ ಇಲ್ಲ. ಮೊದಲು ಒಂದು ಪರೀಕ್ಷೆ ಮಾಡು. ತಂತಿಯ ಅಡಿಯಲ್ಲಿ, ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಮೇಲೆ ಕೂರೋ ಜಾಗದಲ್ಲಿ ಉಗುರು ಆಡಿಸು. ಕಚ್ಚು ತಗುಲಿದರೆ ಯಾವ ಒರೆಸಾಟವೂ ಅದನ್ನ ತೆಗೆಯಲ್ಲ. ಇನ್ನೊಂದು, 12ನೇ ಫ್ರೆಟ್ ಮೇಲೆ ತಂತಿಯನ್ನ ಬರೀ ಸೋಕಿಸಿದಾಗಿನ ಸ್ವರ, ಒತ್ತಿದಾಗಿನ ಸ್ವರ ಎರಡೂ ಶ್ರುತಿ ತೋರಿಸೋ ಟ್ಯೂನರಿನಲ್ಲಿ ಒಂದೇ ಬರಬೇಕು. ಹೊಸ ತಂತಿ ಇದ್ದಾಗ ಸರಿ ಬರ್ತಿದ್ದದ್ದು ಈಗ ತಪ್ಪಿದ್ರೆ ತಂತಿ ಮುಗಿದಿದೆ.

ಪುಟ್ಟಿ: ಈಗಲೇ ನೋಡಿದೆ. ಮೂರು, ನಾಲ್ಕನೇ ತಂತಿಯಲ್ಲಿ ಎರಡು, ಮೂರನೇ ಫ್ರೆಟ್ ಜಾಗದಲ್ಲಿ ಕಚ್ಚು ಚೆನ್ನಾಗೇ ಸಿಗತ್ತೆ.

ಸರಸ್ವತಿಪುರಂ ಅಣ್ಣ: ಹಾಗಾದ್ರೆ ಪೂರ್ತಿ ಸೆಟ್ ಬದಲಾಯಿಸು. 12–53 (ಅತಿ ತೆಳು, ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಪಾಲಿನ ಲೆಕ್ಕ), ಈಗಿರೋ ದಪ್ಪವೇ. ಎರಡು ಮಾತ್ರ ಹೊಸದು ಹಾಕಿದ್ರೆ ನಾದ ಹೊಂದಲ್ಲ.

ವೀಣೆ ದೊಡ್ಡಮ್ಮ: ಆಯುಧಪೂಜೆ ದಿನ ವೀಣೆ ಪಕ್ಕದಲ್ಲೇ ಗಿಟಾರೂ ಇಡ್ತೀವಲ್ಲ. ಒದ್ದೆ ಕುಂಕುಮ, ನೀರು ಚಿಮುಕಿಸಿದ ಹೂವು ತಂತಿ ಮೇಲೆ ಬೇಡ. ಬೊಟ್ಟನ್ನ ಗಿಟಾರ್ ಇಡೋ ಡಬ್ಬದ ಮೇಲೆ ಇಟ್ಟರೆ ಸಾಕು, ದೇವಿ ಒಪ್ಪುತ್ತಾಳೆ.

ಮಂಡ್ಯ ಚಿಕ್ಕಪ್ಪ: ಫಾರ್ವರ್ಡ್ ಡಿಲೀಟ್ ಮಾಡಿವ್ನಿ. ನಮ್ ಕಡೆ ನಾಲೆ ನೀರು ಬಿಟ್ಟಾಗ ಮನೇಲೆಲ್ಲ ತೇವ, ಅದಕ್ಕೇನ್ ಮಾಡದು?

ಸರಸ್ವತಿಪುರಂ ಅಣ್ಣ: ನುಡಿಸದಾಗ ಡಬ್ಬದೊಳಗೇ ಇರಲಿ, ನೆಲಕ್ಕೆ ತಾಗದ ಹಾಗೆ. ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ. ಮಾರ್ಚ್ ಬಂದ ಕೂಡಲೆ ತೆಗೆದುಬಿಡಿ, ಒಣ ಹವೆಯಲ್ಲಿ ಅದೇ ಮರವನ್ನ ಸೀಳಿಸುತ್ತೆ. ತೇವ 45ರಿಂದ 55 ಶೇಕಡ ಇದ್ದರೆ ಮರಕ್ಕೂ ತಂತಿಗೂ ಹಿತ.

ವೀಣೆ ದೊಡ್ಡಮ್ಮ: ಡಬ್ಬದ ಜೇಬಿಗೆ ಮೂರು ಬಟ್ಟೆ ಅಂಚು ಹೊಲಿದು ಕೊಡ್ತೀನಿ. ಹಳೆ ಪಂಚೆ ಆಗುತ್ತಾ?

ಪುಟ್ಟಿ: ಹಳೇದೇ ಒಳ್ಳೇದು ದೊಡ್ಡಮ್ಮ, ಮೆತ್ತಗಿರತ್ತೆ. ಗಂಜಿ ಮಾತ್ರ ಹಾಕ್ಬೇಡಿ.