ಡೈಪರ್‌ನಲ್ಲಿ ಹರಿದಾಡುವ ಅಗುಳು, ರಿಪೋರ್ಟಲ್ಲಿ ಏನೂ ಇಲ್ಲ!

ದಾವಣಗೆರೆ ಅಮ್ಮ: ಮಗಳಿಗೆ ಎರಡು ವರ್ಷ. ಹದಿನೈದು ದಿನದಿಂದ ಡೈಪರ್‌ನಲ್ಲಿ ಅನ್ನದ ಅಗುಳಿನಂಥದ್ದು ಕಾಣುತ್ತಿದೆ. ಅನ್ನವೇ ಅಂದುಕೊಂಡಿದ್ದೆ. ಮೊನ್ನೆ ಒಂದು ಹಿಗ್ಗಿ, ಕುಗ್ಗಿ, ನಿಧಾನಕ್ಕೆ ಹರಿಯಿತು. ಜಂತುಹುಳು ಅಂತ ಡಾಕ್ಟರ್ ಎರಡು ಸಲ ಆಲ್ಬೆಂಡಜೋಲ್ ಕೊಟ್ಟರು. ಮಲ ಪರೀಕ್ಷೆಯಲ್ಲಿ ಮೊಟ್ಟೆ ಇಲ್ಲ ಅಂತ ಬಂತು. ಇದು ಮನೆಯ ನಾಯಿಯಿಂದಲೇ, ಅದನ್ನು ಎಲ್ಲಾದರೂ ಬಿಟ್ಟು ಬಾ ಅಂತ ಅತ್ತೆಯ ಹಟ.

ಪಿಜೆ ಬಡಾವಣೆ: ಸುಮ್ನೆ ಯಾಕೆ ಗಾಬರಿ? ಮಕ್ಕಳಿಗೆ ಜಂತು ಮಾಮೂಲಿ. ಅಂಗನವಾಡಿಯಲ್ಲೂ ಅದೇ ಮಾತ್ರೆ ಕೊಡುತ್ತಾರೆ, ಅಲ್ವಾ?

ಲ್ಯಾಬ್ ಕೆಲಸದವ: ಕೊಡುತ್ತಾರೆ, ಆದರೆ ಅದು ಬೇರೆ ಹುಳುಗಳಿಗೆ. ದಾರದಂಥ ಸಣ್ಣ ಬಿಳಿ ಹುಳುವಾಗಿದ್ದರೆ ಬೆಳಿಗ್ಗೆ ತೊಳೆಯುವ ಮೊದಲು ಗುದದ ಹತ್ತಿರ ಟೇಪ್ ಒತ್ತಿ ನೋಡುತ್ತೇವೆ. ಅಕ್ಕ ಹೇಳುತ್ತಿರುವುದು ನಾಯಿಯ ಲಾಡಿಹುಳುವಿನ ತುಂಡಿನಂತೆ ಕಾಣುತ್ತದೆ. ಅದರ ಹೆಸರು ಡಿಪಿಲಿಡಿಯಮ್. ಒಣಗಿದರೆ ಅಕ್ಕಿಕಾಳು, ಹಸಿಯಿದ್ದಾಗ ಸೌತೆಬೀಜ. ಮೊಟ್ಟೆಗಳೆಲ್ಲ ಆ ತುಂಡಿನೊಳಗೇ ಗೊಂಚಲಾಗಿ ಇರುತ್ತವೆ. ಹಾಗಾಗಿ ಮಲದಲ್ಲಿ ಸಿಗದೆ ತಪ್ಪಿಹೋಗುವುದೇ ಜಾಸ್ತಿ. ರಿಪೋರ್ಟ್ ಸುಳ್ಳಲ್ಲ, ನೋಡಿದ್ದು ತಪ್ಪು ವಸ್ತುವನ್ನು. ಆ ತುಂಡನ್ನೇ ಸಣ್ಣ ಡಬ್ಬಿಯಲ್ಲಿ ಸಲೈನ್ ಹಾಕಿ ತನ್ನಿ.

ಚಳ್ಳಕೆರೆ ಕುರಿಯವ: ಅತ್ತೆ ಹೇಳುವುದೇ ಸರಿ. ನಮ್ಮ ಚಿಕ್ಕಪ್ಪನ ಲಿವರ್‌ನಲ್ಲಿ ನೀರಿನ ಗಂಟು ಬಂದು ಆಪರೇಷನ್ ಆಯಿತು. ನಾಯಿಯಿಂದಲೇ ಅಂದರು.

ಲ್ಯಾಬ್ ಕೆಲಸದವ: ಅಣ್ಣಾ, ಅದು ಎಕಿನೊಕಾಕಸ್, ಬೇರೆ ಜಾತಿಯ ಲಾಡಿಹುಳು. ಕುರಿ ಕೊಯ್ದಾಗ ಗಂಟಿರುವ ಲಿವರ್ ನಾಯಿಗೆ ಎಸೆಯುತ್ತೀವಲ್ಲ, ಅಲ್ಲಿಂದ ಶುರು. ಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ಅದರ ಮಲದ ಮೊಟ್ಟೆ ನಮ್ಮ ಬಾಯಿಗೆ ಹೋದರೆ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಗಂಟು, ಅದೂ ವರ್ಷಗಟ್ಟಲೆ ಸದ್ದಿಲ್ಲದೆ. ಅದಕ್ಕೆ ಮಲ ಪರೀಕ್ಷೆ ದಂಡ. ಸ್ಕ್ಯಾನಿಂಗ್, ಜೊತೆಗೆ ರಕ್ತ ಪರೀಕ್ಷೆ ಬೇಕು.

ಚಳ್ಳಕೆರೆ ಕುರಿಯವ: ಹಾಗಿದ್ದರೂ ಎರಡೂ ನಾಯಿಯಿಂದಲೇ ತಾನೆ?

ನಾಯಿಪ್ರೇಮಿ: ಮಗುವಿನ ಹುಳು ನಾಯಿಯ ಮಲದಿಂದ ನೇರವಾಗಿ ಬರುವುದಲ್ಲ. ಹುಳುವಿನ ಮರಿ ಇರುವುದು ಚಿಗಟದ ಹೊಟ್ಟೆಯಲ್ಲಿ. ನಾಯಿ ಜೊತೆ ಆಡುತ್ತಾ ಮಗು ಚಿಗಟ ನುಂಗಿದರೆ ಬರುತ್ತದೆ. ನಾಯಿ ಓಡಿಸಿದರೂ ಚಾಪೆ, ಗೋಣಿಚೀಲದ ಚಿಗಟ ಮನೆಯಲ್ಲೇ ಉಳಿಯುತ್ತದೆ. ನಾಯಿಗೆ ಹುಳು ಔಷಧಿ, ಚಿಗಟಕ್ಕೆ ಔಷಧಿ, ಎರಡೂ ಬೇಕು.

ಪಿಜೆ ಬಡಾವಣೆ: ಪಪ್ಪಾಯಿ ಬೀಜ ಅರೆದು ಕೊಡಿ, ನಮ್ಮಜ್ಜಿ ಹಾಗೇ ಮಾಡುತ್ತಿದ್ದರು.

ಲ್ಯಾಬ್ ಕೆಲಸದವ: ಎರಡು ವರ್ಷದ ಕೂಸಿಗೆ ಬೇಡ. ಇದಕ್ಕೆ ಪ್ರಾಜಿಕ್ವಾಂಟೆಲ್ ಅನ್ನುವ ಔಷಧಿ ಇದೆ. ಡೋಸ್ ತೂಕ ನೋಡಿ ಡಾಕ್ಟರೇ ಹೇಳಬೇಕು.

ದಾವಣಗೆರೆ ಅಮ್ಮ: ಇವತ್ತು ಬೆಳಿಗ್ಗೆ ಮೂರು ಸಿಕ್ಕವು. ಔಷಧಿ ಡಬ್ಬಿ ತೊಳೆದು ಹಾಕಿಕೊಂಡು ಹೋದೆ. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು, ಚೀಲದಲ್ಲಿ ಕಟ್ಟಿಟ್ಟ ಸಾಸಿವೆ ಥರ ಮೊಟ್ಟೆ. ಡಿಪಿಲಿಡಿಯಮ್ಮೇ. ಡಾಕ್ಟರ್ ಮಾತ್ರೆ ಬದಲಾಯಿಸಿದರು. ಅತ್ತೆ ಇನ್ನೂ ಮುನಿಸಿಕೊಂಡಿದ್ದಾರೆ, ಆದರೆ ಚಾಪೆ ಬಿಸಿಲಿಗೆ ಹಾಕಿದ್ದು ಅವರೇ.